ಹುಳುಮನೆಯ ಜ್ವರ

ಆಗ ನಮ್ಮ ಕಡೆ ವೈರು ಮುಟ್ಟಲು ಬರುವವನೊಬ್ಬನೂ ಊರಲ್ಲಿ ಉಳಿದಿರಲಿಲ್ಲ. ಎಲ್ಲ ಬಿಡದಿ ಪಾಲು. ಬೆಳಿಗ್ಗೆ ಹೆದ್ದಾರಿಗೆ ಹೋಗಿ ನಿಂತರೆ ಸಾಕು, ಕಂಪನಿ ಬಸ್ಸುಗಳು ಒಂದರ ಹಿಂದೊಂದು ಬಂದು ರಾಮನಗರ, ಚನ್ನಪಟ್ಟಣದ ಐಟಿಐ ಓದಿದವರನ್ನೆಲ್ಲ ಬಾಚಿಕೊಂಡು ಹೋಗುತ್ತಿದ್ದವು. ಮೊನ್ನೆ ಮೊನ್ನೆಯವರೆಗೆ ನಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಹರಡಿಕೊಂಡು ಕೂತಿರುತ್ತಿದ್ದವನು ಈಗ ಇಸ್ತ್ರಿ ಅಂಗಿ ತೊಟ್ಟು, ಕೊರಳಿಗೆ ಕಾರ್ಡು ನೇತುಹಾಕಿಕೊಂಡು, "ಶಿಫ್ಟ್ ಐತೆ ಕಣಣ್ಣ, ಭಾನುವಾರ ಬತ್ತೀನಿ" ಎನ್ನುತ್ತಿದ್ದ. ಆ ಭಾನುವಾರ ಯಾವ ಕ್ಯಾಲೆಂಡರಿನಲ್ಲೂ ಇರಲಿಲ್ಲ. ಸರಿಯಾಗಿ ಇಂಥ ಹೊತ್ತಿನಲ್ಲೇ ನನಗೆ ಕಂಪನಿ ಕಟ್ಟುವ ಹುಚ್ಚು ಹತ್ತಿತು.

ನಾನು ರೇಷ್ಮೆ ಸಾಕುವವರಿಗೆ ತಟ್ಟೆ, ಬಲೆ, ಸುಣ್ಣದ ಪುಡಿ ಮಾರುತ್ತಿದ್ದವನು. ಹಳೇ ಮೋಟಾರ್‌ಬೈಕಿನ ಎರಡೂ ಪಕ್ಕಕ್ಕೆ ಚೀಲ ಕಟ್ಟಿಕೊಂಡು ಕನಕಪುರದಿಂದ ಮಾಗಡಿಯವರೆಗೆ ಸುತ್ತುತ್ತಿದ್ದೆ. ನಾನು ಕಾಣದ ಹುಳುಮನೆ ಇರಲಿಲ್ಲ. ಹುಳು ಸಾಕುವ ಆ ಕೋಣೆಗಳಲ್ಲಿ ಶಾಖ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಬೇಸಿಗೆಯಲ್ಲಿ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟುತ್ತಿದ್ದರು, ಚಳಿಗೆ ಇದ್ದಿಲ ಕುಂಪಟೆ ಇಡುತ್ತಿದ್ದರು. ಗೋಡೆಗೆ ನೇತುಹಾಕಿದ ಥರ್ಮಾಮೀಟರನ್ನು ಮಾತ್ರ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಇದನ್ನೆಲ್ಲ ತಾನೇ ನೋಡಿಕೊಂಡು, ಬೇಕಾದಾಗ ಫ್ಯಾನು, ಹೀಟರು, ನೀರು ಚಿಮುಕಿಸುವ ಸಣ್ಣ ಪಂಪು ಹಾಕುವ ಒಂದು ಪೆಟ್ಟಿಗೆ ಮಾಡಿದರೆ ಹೇಗೆ ಎಂದು ನನ್ನ ತಲೆಗೆ ಹೊಳೆಯಿತು. ಹುಳುವಿನ ವಿಷಯ ಕೇಳಿ, ಹೇಳುತ್ತೇನೆ. ವೈರಿನ ವಿಷಯ ಮಾತ್ರ ಕೇಳಬೇಡಿ. ಒಮ್ಮೆ ಫ್ಯೂಸ್ ಹಾಕಲು ಹೋಗಿ ನಮ್ಮ ಬೀದಿಗೆ ಬೀದಿಯನ್ನೇ ಕತ್ತಲು ಮಾಡಿದ ಖ್ಯಾತಿ ನನ್ನದು.

ಹಾಗಾಗಿ ನನಗೊಬ್ಬ ಪಾರ್ಟ್ನರ್ ಬೇಕಿತ್ತು. ವಿದ್ಯೆ ಗೊತ್ತಿರುವ, ಜೊತೆಗೆ ನಂಬುವಂಥ ಒಬ್ಬರು. ಇವೆರಡೂ ಒಂದೇ ಮನುಷ್ಯನಲ್ಲಿ ಸಿಗುವುದು ಎಷ್ಟು ಕಷ್ಟವೆಂದು ಹುಡುಕಲು ಹೊರಟ ಮೇಲೆಯೇ ಗೊತ್ತಾದದ್ದು.

ಕೈಲಾಂಚದ ಹತ್ತಿರ ನನ್ನ ಅಕ್ಕನ ಮನೆ. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಇವತ್ತಿಗೂ ನಾನು ಅದೇ ಸೊಂಟದ ಮೇಲಿದ್ದೇನೆ ಎಂಬಂತೆ ಮಾತಾಡುವವಳು. ಹುಳು ಸಾಕುವುದರಲ್ಲಿ ಆ ಸುತ್ತಿಗೆಲ್ಲ ಅವಳದೇ ಮೇಲುಗೈ. ಅವಳು ಯಾವ ಸುಣ್ಣ ತಂದರೆ ಅಕ್ಕಪಕ್ಕದ ಊರಿನವರೂ ಅದೇ ಸುಣ್ಣ ತರುತ್ತಿದ್ದರು. ಅವಳ ಹುಳುಮನೆಯಲ್ಲಿ ಪೆಟ್ಟಿಗೆ ಗೆದ್ದರೆ ನನ್ನ ಕಂಪನಿ ಗೆದ್ದಂತೆ. ಅಲ್ಲಿ ಬೆಳೆ ಕೆಟ್ಟಿತೋ, ಆಮೇಲೆ ನಾನು ಯಾವ ಬಾಗಿಲಿಗೆ ಹೋದರೂ ಒಂದು ಲೋಟ ನೀರು ಕೊಟ್ಟು ಕಳಿಸುತ್ತಾರೆ, ಅಷ್ಟೇ.

"ಒಂದು ಬೆಳೆ ನಿನ್ನ ಪೆಟ್ಟಿಗೆಗೆ ಬುಡ್ತೀನಿ ಕಣ್ಲಾ," ಎಂದಳು ಅಕ್ಕ. "ಆದ್ರೆ ಅದನ್ನ ಮಾಡೋರು ಯಾರು ಅಂತ ನಾನು ನೋಡ್ಬೇಕು. ನಿನ್ನ ಕಣ್ಣ ನಂಬಲ್ಲ ನಾನು."

ಮೊದಲು ಕರೆದುಕೊಂಡು ಹೋದದ್ದು ಬಿಡದಿಯ ಒಂದು ಕಾರ್ಖಾನೆಯ ಎಂಜಿನಿಯರನ್ನು. ಬುದ್ಧಿವಂತ, ಮಾತಿನ ಮಲ್ಲ. ಏನು ಕೇಳಿದರೂ "ಆಗುತ್ತೆ ಬಿಡಿ" ಎನ್ನುತ್ತಿದ್ದ. ಕರೆಂಟು ಹೋದರೆ? ಆಗುತ್ತೆ ಬಿಡಿ. ವೋಲ್ಟೇಜ್ ಏರಿಳಿತ ಆದರೆ? ಆಗುತ್ತೆ ಬಿಡಿ. ನನಗಂತೂ ದೇವರೇ ಕಣ್ಣೆದುರು ಬಂದಂತಾಗಿತ್ತು. ಅಕ್ಕನ ಮನೆ ಅಂಗಳಕ್ಕೆ ಕಾಲಿಡುತ್ತಲೇ ಅವನ ಸೆಂಟಿನ ವಾಸನೆ ಘಮ್ಮೆಂದಿತು. ಹುಳುವಿಗೆ ಸೆಂಟು, ಬೀಡಿ, ಹೊಗೆಸೊಪ್ಪು ಯಾವುದೂ ಆಗದು. ಅಕ್ಕ ಅವನನ್ನು ಬೇಲಿಯ ಹತ್ತಿರವೇ ನಿಲ್ಲಿಸಿ, ಸ್ನಾನ ಮಾಡಿ ಬೇರೆ ಅಂಗಿ ಹಾಕಿಕೊಂಡು ಬರುವಂತೆ ಹೇಳಿದಳು. ಅವನು ನಕ್ಕು, ಇದೆಲ್ಲ ಹಳೇ ಕಾಲದ ನಂಬಿಕೆ ಎಂದ. ಅಕ್ಕ ಅವನಿಗೆ ಕಾಫಿ ಕೊಟ್ಟಳು, ತಿನ್ನಲು ಕೋಡುಬಳೆ ಕೊಟ್ಟಳು, ಬಸ್ಸಿನ ಹೊತ್ತನ್ನೂ ಹೇಳಿದಳು.

ಅವನು ಹೋದ ಮೇಲೆ ನಾನು ಹಾರಾಡಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಎಷ್ಟು ಕಷ್ಟಪಟ್ಟು ಕರೆತಂದಿದ್ದೆ, ಒಂದು ಸೆಂಟಿಗೋಸ್ಕರ ಓಡಿಸಿದೆಯಲ್ಲ ಎಂದೆ.

"ಸೆಂಟಿಗಲ್ಲ ಕಣ್ಲಾ," ಎಂದಳು ಅಕ್ಕ, ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಲೇ. "ಅವನ ಬಾಯಲ್ಲಿ ಒಂದು ಸಲಾನೂ 'ಗೊತ್ತಿಲ್ಲ' ಅನ್ನೋ ಮಾತು ಬರ್ಲಿಲ್ಲ ನೋಡು."

ಆಮೇಲೆ ಇನ್ನಿಬ್ಬರು ಬಂದು ಹೋದರು. ಒಬ್ಬನಿಗೆ ಬೋರ್ಡಿನ ಮೇಲೆ ತನ್ನ ಹೆಸರು ಮೊದಲು ಬರಬೇಕಿತ್ತು, ಕೆಲಸ ಆಮೇಲೆ. ಇನ್ನೊಬ್ಬ ನೋಡಿಕೊಂಡು ಬರುತ್ತೇನೆಂದು ಸಾಮಾನೆಲ್ಲ ತೆಗೆದುಕೊಂಡು ಹೋದವನು ಇಂದಿಗೂ ನೋಡುತ್ತಲೇ ಇದ್ದಾನೆ.

ಅಷ್ಟರಲ್ಲಿ ಅಕ್ಕನ ಬೋರ್‌ವೆಲ್ಲಿನ ಮೋಟರು ಸುಟ್ಟಿತು. ಅದನ್ನು ಚನ್ನಪಟ್ಟಣದ ಒಂದು ವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿ ತಾಮ್ರದ ತಂತಿಯ ಸುರುಳಿಗಳ ನಡುವೆ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬ ಹೆಂಗಸು ಕೂತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ್ದವರು. ಗಂಡ ಬಿಡದಿಗೆ ಕೆಲಸಕ್ಕೆ ಸೇರಿದ ಮೇಲೆ ಅಂಗಡಿ ಇವರ ಕೈಗೆ ಬಂದಿತ್ತು. ಎಲ್ಲರೂ ಅವರನ್ನು ಮೇಡಮ್ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ, ಇವತ್ತಿಗೂ ಹಾಗೇ ಕರೆಯುತ್ತೇನೆ.

ನನ್ನ ಮುಂದೆಯೇ ಒಬ್ಬ ರೈತ ಬಂದು, ಇಲ್ಲೇ ಕಟ್ಟಿಸಿಕೊಂಡು ಹೋದ ಮೋಟರು ಮತ್ತೆ ಸುಟ್ಟಿದೆ, ಕರೆಂಟು ಸರಿಯಿಲ್ಲ, ಏನು ಮಾಡುವುದು ಎಂದು ತಾನೇ ಸಮಾಧಾನ ಹೇಳಿಕೊಂಡ. ಮೇಡಮ್ ಬಿಚ್ಚಿ ನೋಡಿದರು. "ಕರೆಂಟಿಂದಲ್ಲ ಅಣ್ಣಾ. ಈ ಸುತ್ತು ನಾನೇ ತಪ್ಪು ಸುತ್ತಿದೀನಿ. ಬಿಟ್ಟೋಗಿ, ಮಾಡಿಟ್ಟಿರ್ತೀನಿ," ಎಂದರು. ಅವನೇ ಕರೆಂಟಿನ ಮೇಲೆ ಹಾಕಿ ಸುಮ್ಮನಾಗಿದ್ದನಲ್ಲ, ಇವರಿಗೇಕೆ ಬೇಕಿತ್ತು ಎಂದುಕೊಂಡೆ. ಇವರು ವ್ಯಾಪಾರ ಮಾಡಿದ ಹಾಗೇ ಎಂದು ಮನಸ್ಸಿನಲ್ಲೇ ನಕ್ಕೆ ಕೂಡ.

ಕಾಯುವ ಹೊತ್ತು ಕಳೆಯಲಿ ಎಂದು ನನ್ನ ಪೆಟ್ಟಿಗೆಯ ಕಥೆ ಹೇಳಿದೆ. ಆಗುತ್ತದೆಯೇ ಎಂದೆ.

"ನಂಗ್ ಗೊತ್ತಿಲ್ಲ," ಎಂದರು ಮೇಡಮ್. ಆಮೇಲೆ ಶುರುವಾಯಿತು ನೋಡಿ ಪ್ರಶ್ನೆಗಳ ಸುರಿಮಳೆ. ಹುಳು ಎಷ್ಟು ಶಾಖ ತಡೆಯುತ್ತದೆ, ಕೋಣೆ ಎಷ್ಟು ಎತ್ತರ, ಹೆಂಚೋ ಶೀಟೋ, ನೀರಿನ ಹನಿ ಸೊಪ್ಪಿನ ಮೇಲೆ ಬಿದ್ದರೆ ಏನಾಗುತ್ತದೆ. ಹದಿನೈದನೆಯ ಪ್ರಶ್ನೆಯ ಹೊತ್ತಿಗೆ ನನಗೆ ತಲೆ ಕೆಟ್ಟು, ಮೋಟರು ಆದಾಗ ಹೇಳಿ ಎಂದು ಎದ್ದು ಬಂದೆ. ಎರಡು ದಿನ ಬಿಟ್ಟು ಹೋದರೆ ಮೋಟರಿನ ಪಕ್ಕದಲ್ಲಿ ಮರದ ಹಲಗೆಯೊಂದರ ಮೇಲೆ ಚಿಕ್ಕ ದೀಪ, ಚಿಕ್ಕ ಫ್ಯಾನು ಜೋಡಿಸಿಟ್ಟಿದ್ದರು. ಬಿಸಿ ಟೀ ಲೋಟವನ್ನು ಹತ್ತಿರ ಹಿಡಿದರೆ ಫ್ಯಾನು ತಿರುಗುತ್ತಿತ್ತು, ದೂರ ಮಾಡಿದರೆ ನಿಲ್ಲುತ್ತಿತ್ತು. ಶಾಖ ಹೆಚ್ಚುಕಡಿಮೆ ಮಾಡಲು ತಿರುಗಿಸುವ ಅದರ ಗುಬುಟು ಕೆಂಪು ಅರಗು ಹಚ್ಚಿದ ಮರದ್ದು. ಪಕ್ಕದ ಬೊಂಬೆ ಮಾಡುವವರ ಹತ್ತಿರ ಕಡೆಸಿದ್ದಂತೆ. ನಾನು ಆ ಟೀ ಲೋಟವನ್ನು ಮಗುವಿನ ಹಾಗೆ ಹತ್ತು ಸಲ ಹಿಡಿದು ಹಿಡಿದು ನೋಡಿದೆ. ಟೀ ಆರಿಹೋಯಿತು. ಆವತ್ತೇ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು, ದೊಡ್ಡಕ್ಕನ ಮೇಲೆ ಹುಟ್ಟುವಂಥದ್ದು.

ಅಕ್ಕನೂ ಒಪ್ಪಿದಳು. ಆದರೆ ಅವಳದೊಂದು ಕಟ್ಟಳೆ: ಬೆಳೆ ನಡೆಯುತ್ತಿರುವಾಗ ಹೊಸಬರು ಹುಳುಮನೆಯ ಒಳಗೆ ಬರುವಂತಿಲ್ಲ. ಬಾಗಿಲಲ್ಲಿ ಸುಣ್ಣದ ಪುಡಿ ಹಾಕಿದ ಒಂದು ಅಗಲದ ತಟ್ಟೆ ಇರುತ್ತಿತ್ತು. ಕೈಕಾಲು ತೊಳೆದು, ಅದನ್ನು ತುಳಿದು ಮನೆಯವರು ಮಾತ್ರ ಒಳಗೆ ಹೋಗಬೇಕು. ಹಾಗಾಗಿ ಪೆಟ್ಟಿಗೆಯನ್ನು ಹೊರಗೆ ಜಗಲಿಯ ಗೋಡೆಗೆ ಹಾಕಿ, ವೈರನ್ನು ಕಿಟಕಿಯಿಂದ ನಾನು ಒಳಗೆ ಎಳೆದುಕೊಂಡೆ. ಮೇಡಮ್ ಹುಳುವಿನ ಮುಖವನ್ನೇ ನೋಡದೆ ಹುಳುಮನೆಯ ಪೆಟ್ಟಿಗೆ ಕಟ್ಟಿದರು. ಚನ್ನಪಟ್ಟಣದಲ್ಲಿ ನೂಲು ತೆಗೆಯುವವರು ಬೇಕಾದಷ್ಟಿದ್ದರು. ಹಾಗಾಗಿ ಗೂಡು ಮೇಡಮ್‌ಗೆ ಗೊತ್ತು, ಹುಳು ಗೊತ್ತಿರಲಿಲ್ಲ.

ಮೊದಲ ದಿನಗಳು ಚಂದವಾಗಿ ನಡೆದವು. ಹುಳು ಬಕಬಕನೆ ಸೊಪ್ಪು ತಿಂದವು. ಅಕ್ಕ ಹೋಗುತ್ತ ಬರುತ್ತ ಪೆಟ್ಟಿಗೆಯನ್ನು ಕರುವಿನ ಬೆನ್ನು ಸವರಿದ ಹಾಗೆ ಸವರುತ್ತಿದ್ದಳು.

ಇಲ್ಲೊಂದು ಮಾತು ಹೇಳಬೇಕು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಒಂದು ದಿನಕ್ಕೂ ಹೆಚ್ಚು ಹೊತ್ತು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲುಗಾಡದೆ ಕೂತಿರುತ್ತದೆ. ಇದಕ್ಕೆ ನಮ್ಮಲ್ಲಿ ಹುಳು ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಕಾಯಿಲೆ ಗೀಯಿಲೆ ಏನೂ ಇಲ್ಲ. ಆ ಹೊತ್ತಿನಲ್ಲಿ ಹಾಸಿಗೆ ಒಣಗಿರಬೇಕು, ಬೆಚ್ಚಗಿರಬೇಕು, ಗಾಳಿ ಆಡಬೇಕು. ತೇವ ಮಾತ್ರ ಕೂಡದು. ಇದು ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಲೋಕಕ್ಕೆಲ್ಲ ಗೊತ್ತಿರುತ್ತದೆ ಎಂದು ನಾನೂ ಅಂದುಕೊಂಡಿದ್ದೆ.

ಅಕ್ಕ ಯಾವಾಗಲೂ ಎರಡು ಜ್ವರ ದಾಟಿದ ಮರಿಹುಳುವನ್ನೇ ತರುತ್ತಿದ್ದಳು. ಮೂರನೇ ಜ್ವರದ ಹಿಂದಿನ ದಿನ ಅಕ್ಕನ ಜಗಲಿಯಲ್ಲಿದ್ದ ಫೋನಿನಿಂದ ಮೇಡಮ್‌ಗೆ ಫೋನ್ ಮಾಡಿದೆ. ಅಕ್ಕ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಾನು ಮಾಗಡಿಗೆ ಹೊರಟು ನಿಂತಿದ್ದೆ, ಅಲ್ಲಿ ಇಬ್ಬರು ಪೆಟ್ಟಿಗೆಯ ವಿಷಯ ಕೇಳಲು ಕಾಯುತ್ತಿದ್ದರು.

"ಮೇಡಮ್, ಹುಳ ನಾಳೆ ಜ್ವರಕ್ಕೆ ಕೂರ್ತವೆ. ಅದುಕ್ಕೊಂದು ಬೇರೆ ಗುಬುಟು ಹಾಕ್ಬುಡಿ," ಎಂದೆ.

"ಜ್ವರಕ್ಕಾ? ಜ್ವರ ಬಂದಾಗ ಪೆಟ್ಟಿಗೆ ಏನ್ ಮಾಡ್ಬೇಕು ಅಣ್ಣಾ?" ಎಂದರು.

ಮತ್ತೆ ಪ್ರಶ್ನೆ. ನನ್ನ ಪಿತ್ತ ನೆತ್ತಿಗೇರಿತು. "ಜ್ವರಕ್ಕೆ ಏನ್ ಮಾಡ್ಬೇಕು ಅಂತ ಗೊತ್ತಿಲ್ವಾ ಮೇಡಮ್? ಅದನ್ನೂ ನಾನೇ ಹೇಳ್ಕೊಡ್ಬೇಕಾ?" ಎಂದು ಫೋನ್ ಇಟ್ಟೆ.

ಮೇಡಮ್ ಮಾರನೇ ದಿನ ಬೆಳಗಿನ ಬಸ್ಸಿಗೆ ಬಂದು ಜಗಲಿಯಲ್ಲೇ ನಿಂತು ಹೊಸ ಗುಬುಟು ಕೂರಿಸಿ ಹೋದರಂತೆ. ಜ್ವರ ಬಂದವರಿಗೆ ಮನೆಯಲ್ಲಿ ಏನು ಮಾಡುತ್ತಾರೋ ಪೆಟ್ಟಿಗೆಗೂ ಅದನ್ನೇ ಹೇಳಿಕೊಟ್ಟಿದ್ದರು. ಹಣೆಗೆ ತಣ್ಣೀರು ಬಟ್ಟೆ.

ನಾನು ಎರಡು ದಿನ ಬಿಟ್ಟು ಬಂದು ಕಾಲು ತೊಳೆದು ಒಳಗೆ ಹೋದರೆ ಫ್ಯಾನು ತಿರುಗುತ್ತಿತ್ತು, ಹೀಟರು ತಣ್ಣಗಿತ್ತು, ಪಂಪಿನ ನೀರಿನಿಂದ ಗೋಣಿತಾಟು ತೊಟ್ಟಿಕ್ಕುತ್ತಿತ್ತು. ಒಂದು ತಟ್ಟೆಯ ಹುಳು ಎದ್ದಿದ್ದರೆ ಪಕ್ಕದ ತಟ್ಟೆಯವು ಇನ್ನೂ ಕೂತೇ ಇದ್ದವು. ಕೆಲವು ಅರ್ಧ ಪೊರೆ ಬಿಟ್ಟು ಹಾಗೇ ಸತ್ತಿದ್ದವು. ಅಕ್ಕ ಅವನ್ನು ಒಂದೊಂದಾಗಿ ಆರಿಸಿ ಸುಣ್ಣದ ಬೋಗುಣಿಗೆ ಹಾಕುತ್ತಿದ್ದಳು.

"ನಂದೇ ತಪ್ಪು ಕಣೋ," ಎಂದಳು ತಲೆ ಎತ್ತದೆ. "ಜ್ವರಕ್ಕೆ ಮುಂಚೆ ಕೊನೇ ಸೊಪ್ಪು ಹಾಕ್ವಾಗ ಒಸಿ ಹನಿ ಬಿದ್ದಿತ್ತು. ಒಣಗಿಸೋಕೆ ಬೇಜಾರಾಗಿ ಹಂಗೇ ಹಾಕ್ಬುಟ್ಟೆ. ಪೆಟ್ಟಿಗೆ ಲೆಕ್ಕ ಹಾಕೇ ನಡೀತೈತೆ ಅಂತ ಅದನ್ನ ಮುಟ್ಲೂ ಇಲ್ಲ. ಇಷ್ಟು ವರ್ಷ ಹುಳ ಸಾಕಿ ನಂಗೆ ಬುದ್ಧಿ ಇರ್ಲಿಲ್ಲ."

ಅವಳ ಬೆರಳಲ್ಲಿ ಸತ್ತ ಹುಳು ಇತ್ತು. ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಗುಬುಟನ್ನು ಸದ್ದಾಗದಂತೆ ಹಿಂದಕ್ಕೆ ತಿರುಗಿಸಿ, ಬೈಕು ಹತ್ತಿ ರಾಮನಗರದ ಬಸ್ ನಿಲ್ದಾಣಕ್ಕೆ ಹೋಗಿ ಅಲ್ಲಿನ ಕಾಯಿನ್ ಫೋನಿನಿಂದ ಮೇಡಮ್ ಮೇಲೆ ಹರಿಹಾಯ್ದೆ. ಜ್ವರ ಅಂದರೆ ಪೊರೆ ಬಿಡುವುದು, ಅಷ್ಟೂ ಗೊತ್ತಾಗುವುದಿಲ್ಲವೇ ಎಂದು ಬಾಯಿಗೆ ಬಂದಂತೆ ಬೈದೆ. ಕೊನೆಗೆ ದನಿ ತಗ್ಗಿಸಿ, "ಅಕ್ಕ ಸೊಪ್ಪು ನೆನೆದಿತ್ತು ಅಂದ್ಕೊಂಡವ್ಳೆ. ಹಂಗೇ ಇರ್ಲಿ. ನೀವು ಏನೂ ಹೇಳಕ್ಕೋಗ್ಬೇಡಿ," ಎಂದೆ. ಆ ಕಡೆ ಫೋನ್ ಇಟ್ಟ ಸದ್ದು ಕೇಳಿಸಿತು.

ಮರುದಿನ ನಾನು ಅಕ್ಕನ ಮನೆ ತಲುಪುವಷ್ಟರಲ್ಲಿ ಮೇಡಮ್ ಅಂಗಳದಲ್ಲಿ ನಿಂತಿದ್ದರು. ಕೈಯಲ್ಲಿ ಟೂಲ್ಸಿನ ಚೀಲ. ಅಕ್ಕ ಹುಳುಮನೆಯ ಬಾಗಿಲಲ್ಲಿದ್ದಳು.

"ಹುಳ ಸತ್ತಿದ್ದು ಸೊಪ್ಪಿಂದಲ್ಲ ಅಕ್ಕಾರೆ, ನನ್ನಿಂದ," ಎನ್ನುತ್ತಿದ್ದರು ಮೇಡಮ್. "ಜ್ವರ ಅಂದ್ರೆ ಮೈ ಬಿಸಿ ಬರೋ ಜ್ವರ ಅಂದ್ಕೊಂಡೆ. ತಣ್ಣಗೆ ಮಾಡೋ ಹಂಗೆ ಕಟ್ಬಿಟ್ಟೆ. ಅರ್ಥ ಆಗ್ದೇ ಇರೋದನ್ನ ನಾನು ಕಟ್ಬಾರ್ದಾಗಿತ್ತು."

ಅವರು ನನ್ನ ಕಡೆ ನೋಡಲೂ ಇಲ್ಲ. 'ಕೇಳಿದೆ, ಇವರು ಗದರಿದರು' ಎಂದು ಹೇಳಬಹುದಿತ್ತು. ಮುಚ್ಚಿಡಲು ಹೇಳಿದ್ದೂ ಇವರೇ ಎಂದು ಹೇಳಬಹುದಿತ್ತು. ಎರಡನ್ನೂ ಹೇಳಲಿಲ್ಲ. ನಾನು ಬೇಲಿ ಪಕ್ಕ ಕಂಬದಂತೆ ನಿಂತಿದ್ದೆ.

ಅಕ್ಕ ಅವರನ್ನು ನೋಡಿದಳು, ಬೇಲಿ ಪಕ್ಕದ ನನ್ನನ್ನು ನೋಡಿದಳು. ಆಮೇಲೆ ನಕ್ಕಳು. ಹುಳು ಸತ್ತ ಮನೆಯಲ್ಲಿ ಅಂಥ ನಗು ನಾನು ಕೇಳಿರಲಿಲ್ಲ. "ಅಯ್ಯೋ ನನ್ನವ್ವ, ಹುಳಕ್ಕೆ ತಣ್ಣೀರು ಬಟ್ಟೆ ಹಾಕ್ದ್ಯಾ?" ಎಂದು ಕಣ್ಣು ಒರೆಸಿಕೊಂಡಳು. ನಗುವಿನದೋ ಅಳುವಿನದೋ ತಿಳಿಯಲಿಲ್ಲ. "ಮೂರು ಪಾಲು ಉಳಿದವೆ. ಅವುಕ್ಕೆ ಇನ್ನೊಂದು ಜ್ವರ ಐತೆ. ಕೈಕಾಲ್ ತೊಳ್ಕೊಂಡು ಒಳಕ್ ಬಾ, ಕಣ್ಣಾರೆ ನೋಡು."

ಬೆಳೆಯ ನಡುವೆ ಹೊಸಬರು ಆ ಬಾಗಿಲು ದಾಟಿದ್ದು ಅದೇ ಮೊದಲು. ನಾನೂ ಹಿಂದೆಯೇ ಕಾಲು ತೊಳೆಯಲು ಹೋದೆ.

"ನೀನು ಆಚೆಗೇ ಇರು," ಎಂದಳು ಅಕ್ಕ.

ಹೀಗೆ ಕೆಟ್ಟ ಪಾರ್ಟ್ನರನ್ನು ತಂದೆನೆಂದು ಸಿಟ್ಟಿರಬೇಕು, ಇಳಿಯುತ್ತದೆ ಎಂದುಕೊಂಡೆ. ಮೇಡಮ್ ಅಂಗಡಿಗೆ ಬೀಗ ಹಾಕಿ ಐದಾರು ದಿನ ಅಕ್ಕನ ಮನೆಯಲ್ಲೇ ಉಳಿದರು. ಹುಳು ತಲೆ ಎತ್ತುವುದನ್ನು, ಜ್ವರ ಎದ್ದು ಮೊದಲ ಸೊಪ್ಪು ಕಚ್ಚುವುದನ್ನು ನೋಡಿದರು. ಇಬ್ಬರೂ ಒಳಗೆ ಪಿಸಪಿಸ ಮಾತಾಡಿಕೊಂಡು ನಗುವುದು ನನಗೆ ಕಿಟಕಿಯಿಂದ ಕೇಳುತ್ತಿತ್ತು. ಪೆಟ್ಟಿಗೆಗೆ ಆಮೇಲೆ ಮೂರು ಗುಬುಟು ಬಂದವು. ಹಳದಿಯದರ ಕೆಳಗೆ ಊಟ, ಕೆಂಪಿನದರ ಕೆಳಗೆ ಜ್ವರ, ಹಸಿರಿನದರ ಕೆಳಗೆ ಗೂಡು ಎಂದು ಮೇಡಮ್ ಕೈಯಲ್ಲೇ ಬರೆದರು. ಮುಂದಿನ ಬೆಳೆ ಅಕ್ಕನೇ ಬೆರಗಾಗುವಂತೆ ಬಂತು. ವೈಂಡಿಂಗ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ನಮ್ಮ ಕಂಪನಿ ಶುರುವಾಯಿತು. ಪೆಟ್ಟಿಗೆಗಳು ಕನಕಪುರಕ್ಕೆ ಹೋದವು, ಮಾಗಡಿಗೆ ಹೋದವು.

ಆದರೆ ಅಕ್ಕನ ಹುಳುಮನೆಯಲ್ಲಿ ನನಗೆ ಜಾಗ ಜಗಲಿಯಲ್ಲೇ. ಆ ಬೆಳೆ ಆಯಿತು, ಮುಂದಿನದು ಆಯಿತು, ಅದರ ಮುಂದಿನದೂ ಆಯಿತು. ಊಟ ಹಾಕುತ್ತಿದ್ದಳು, ತಮಾಷೆ ಮಾಡುತ್ತಿದ್ದಳು, ನನ್ನ ಹೊಟ್ಟೆ ಬಂದಿದೆ ಎಂದು ಬೈಯುತ್ತಿದ್ದಳು. ಬಾಗಿಲ ಹತ್ತಿರ ಹೋದರೆ ಮಾತ್ರ, "ನೀನು ಆಚೆಗೇ ಇರು." ಕೇಳುವ ಧೈರ್ಯ ನನಗಿರಲಿಲ್ಲ. ಸುಳ್ಳೇಕೆ, ಕೇಳಿದರೆ ಏನು ಉತ್ತರ ಬರುತ್ತದೆಂದು ಒಳಗೊಳಗೇ ಗೊತ್ತಿತ್ತು.

ಮೇಡಮ್ ಮೇಲಿನ ಅಭಿಮಾನಕ್ಕೆ ಅವರು ತಪ್ಪೊಪ್ಪಿಕೊಂಡ ಕಥೆಯನ್ನು ನಾನು ಹೋದಲ್ಲೆಲ್ಲ ಹೇಳುತ್ತಿದ್ದೆ. ಅದು ನಮ್ಮ ಪೆಟ್ಟಿಗೆಗೆ ಒಳ್ಳೆಯ ಪ್ರಚಾರವೂ ಆಗಿತ್ತು. ಒಂದು ಬೆಳಿಗ್ಗೆ ಮಾಗಡಿ ಕಡೆಯ ಒಂದು ಊರಿನಲ್ಲಿ ಹಾಗೇ ರಸವತ್ತಾಗಿ ಹೇಳಿ ಮುಗಿಸಿದೆ. ಕೇಳುತ್ತಿದ್ದ ಯಜಮಾನರು ವೀಳ್ಯದೆಲೆಗೆ ಸುಣ್ಣ ಸವರುತ್ತ, "ಎಲ್ಲ ಸರಿ ಕಣಪ್ಪ. ಜ್ವರ ಅಂದ್ರೆ ಏನು ಅಂತ ಆಯಮ್ಮಂಗೆ ಯಾರೂ ಹೇಳಿರ್ಲಿಲ್ವಾ? ಜೊತೇಲಿ ನೀನಿದ್ಯಲ್ಲ?" ಎಂದರು.

ಸುಮ್ಮನೆ ಕೇಳಿದ ಮಾತು. ಒಂದು ವರ್ಷ ನಂಬುವಂಥವರನ್ನು ಹುಡುಕುತ್ತ ಊರೂರು ಅಲೆದಿದ್ದೆ. ಸಿಕ್ಕವರ ಯೋಗ್ಯತೆಯನ್ನು ಅಳೆದು ತೂಗಿದ್ದೆ. ಅವರಿಗೆ ಸಿಕ್ಕ ಪಾರ್ಟ್ನರ್ ಎಂಥವನು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಕೊಟ್ಟ ಕಾಫಿಯನ್ನೂ ಕುಡಿಯದೆ ಎದ್ದು, ನೇರವಾಗಿ ಕೈಲಾಂಚದ ದಾರಿ ಹಿಡಿದೆ.

ಅಕ್ಕ ಒಳಗಿದ್ದಳು. ಸುಣ್ಣದ ತಟ್ಟೆಯ ಈಚೆ ನಿಂತುಕೊಂಡೇ ಹೇಳಿದೆ. "ಅಕ್ಕಾ, ಆವತ್ತು ಮೇಡಮ್ ಕೇಳಿದ್ರು ಕಣಕ್ಕಾ. ಜ್ವರಕ್ಕೆ ಏನ್ ಮಾಡ್ಬೇಕು ಅಂತ ಕೇಳಿದ್ರು. ನಾನೇ ಗದರಿ ಫೋನ್ ಇಟ್ಟೆ. ಆಮೇಲೆ ನಿಂಗೆ ಹೇಳ್ಬೇಡಿ ಅಂತಾನೂ ಅಂದೆ. ನೀನು ಸೊಪ್ಪಿನ ತಪ್ಪು ಅಂತ ಬೇಜಾರ್ ಮಾಡ್ಕೊತಿದ್ದಾಗ ಸುಮ್ನಿದ್ಬುಟ್ಟೆ."

ನನ್ನ ಕಣ್ಣು ತುಂಬಿ ಬಂದಿತ್ತು. ನನ್ನಂಥ ಮುಂಗೋಪಿಗೆ ಅಳುವುದಕ್ಕೂ ಸರಿಯಾಗಿ ಬರುವುದಿಲ್ಲ.

"ನೀನು ಫೋನ್ ಮಾಡಿದ್ದು ನಮ್ಮ ಜಗಲಿಯಿಂದ ಕಣ್ಲಾ," ಎಂದಳು ಅಕ್ಕ. "ನಾನು ಪಕ್ಕದಲ್ಲೇ ಸೊಪ್ಪು ಬಿಡಿಸ್ತಾ ಕೂತಿದ್ದೆ. ಯಾವತ್ತು ಬಾಯಿ ಬುಡ್ತೀಯ ಅಂತ ನೋಡ್ತಿದ್ದೆ."

ಅವಳು ಬಾಗಿಲಿಗೆ ಬಂದು ಸುಣ್ಣದ ತಟ್ಟೆಯನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿದಳು.

"ಕಾಲ್ ತೊಳ್ಕೊಂಡು ಒಳಕ್ ಬಾ," ಎಂದಳು. "ಸದ್ದು ಮಾಡ್ಬೇಡ, ಹುಳ ಜ್ವರಕ್ಕೆ ಕೂತವೆ."